ಗುಳ್ಳೆಯಿಲ್ಲದ ಕೈ

ಪಾರ್ಥಸಾರಥಿಯವರಿಗೆ ದೇವರು ಹೇಳಿಕೊಳ್ಳುವಂಥ ಎತ್ತರ ಕೊಡಲಿಲ್ಲ. ಕೂದಲು ಕೊಟ್ಟು ಮೂವತ್ತೈದಕ್ಕೆಲ್ಲ ವಾಪಸು ಪಡೆದ. ಸಂಗೀತ ಕೊಡುತ್ತೇನೆಂದು ಆಸೆ ತೋರಿಸಿ ನೆಗಡಿ ಕೊಟ್ಟ. ಒಂದು ವರವನ್ನು ಮಾತ್ರ ಕೈ ಬಿಚ್ಚಿ ಕೊಟ್ಟಿದ್ದ. ಅವರು ಯಾವುದರ ಮೇಲೆ ಏನನ್ನೇ ಅಂಟಿಸಲಿ, ನಡುವೆ ಒಂದು ಚೂರೂ ಗಾಳಿ ಉಳಿಯುತ್ತಿರಲಿಲ್ಲ.

ಅರಸೀಕೆರೆಯ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಗುಮಾಸ್ತರಾಗಿದ್ದ ಅವರು ಅಲ್ಲಿನ ಬೀರುಗಳಿಗೆಲ್ಲ ಚೀಟಿ ಅಂಟಿಸಿದವರು, ಭೂಪಟಗಳಿಗೆ ಬಟ್ಟೆ ಹಚ್ಚಿದವರು, ಮಕ್ಕಳ ಅಂಕಪಟ್ಟಿಗಳಿಗೆ ಲ್ಯಾಮಿನೇಶನ್ ಮಾಡಿಕೊಟ್ಟವರು. ಹನ್ನೊಂದು ವರ್ಷದ ಹಿಂದೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಭಾರತದ ಭೂಪಟದ ಮೇಲೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಹೆಬ್ಬೆರಳು ಎಳೆದು, "ಏನ್ರೀ ಇದು, ಒಂದು ಗುಳ್ಳೆಯೂ ಇಲ್ವಲ್ಲ! ಯಾರ ಕೈ ಇದು?" ಎಂದು ಕೇಳಿದ್ದರು. ಸಾಹೇಬರು ಅದನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಮರೆತರು. ಪಾರ್ಥಸಾರಥಿಯವರು ಈವರೆಗೂ ಮರೆತಿಲ್ಲ.

ಅಂದಿನಿಂದ ಬೀದಿಯಲ್ಲಿ ಅವರದು 'ಗುಳ್ಳೆಯಿಲ್ಲದ ಕೈ'. ಯಾರೇ ಹೊಸ ಫೋನು ಕೊಳ್ಳಲಿ, ಅದರ ಮೇಲಿನ ಗಾಜಿನ ಗಾರ್ಡನ್ನು ಅಂಟಿಸಿಕೊಳ್ಳಲು ಅವರ ಮನೆಗೇ ಬರಬೇಕು. ಅದಕ್ಕೊಂದು ವಿಧಿಯಿತ್ತು. ಪಾರ್ಥಸಾರಥಿಯವರು ಕೈಕಾಲು ತೊಳೆದು ಬರುವರು. ಫ್ಯಾನು ನಿಲ್ಲಬೇಕು, ಕಿಟಕಿ ಮುಚ್ಚಬೇಕು, ಅಡುಗೆಮನೆಯಲ್ಲಿ ಒಗ್ಗರಣೆ ಹಾಕಕೂಡದು. ಹೆಂಡತಿ ರಂಗನಾಯಕಿ ಆ ಎರಡು ನಿಮಿಷ ಉಸಿರನ್ನೂ ನೋಡಿಕೊಂಡು ಬಿಡಬೇಕು. ಗಾರ್ಡು ಕೂತ ಮೇಲೆ ಅವರು ಫೋನನ್ನು ಬೆಳಕಿಗೆ ಹಿಡಿದು, "ಹೂಂ" ಎನ್ನುವರು. ಆ 'ಹೂಂ' ಕೇಳಲೆಂದೇ ಜನ ಬರುತ್ತಿದ್ದರು ಎಂದು ಅವರು ನಂಬಿದ್ದರು.

ಇಂಥ ಮನುಷ್ಯರು ಇರುವ ಊರಿನಲ್ಲಿ ಎಂಟು ತಿಂಗಳ ಹಿಂದೆ ಬಸ್ ಸ್ಟ್ಯಾಂಡ್ ಪಕ್ಕ ಒಂದು ಅಂಗಡಿ ತೆರೆಯಿತು. ಹಾರನಹಳ್ಳಿಯ ತೆಂಗಿನ ತೋಟದ ಕೃಷ್ಣಪ್ಪನ ಮಗ ಚೇತನ್‌ಕುಮಾರ್ ಅದರ ಮಾಲೀಕ. ಇದೇ ಶಾಲೆಯಲ್ಲಿ ಓದಿದವನು, ಪಾಪದ ಹುಡುಗ, ಕೆಲಸವನ್ನು ಕಲಿತು ಬಂದಿದ್ದ. ಅಂಗಡಿ ತೆರೆದದ್ದಕ್ಕೆ ಪಾರ್ಥಸಾರಥಿಯವರ ತಕರಾರೇನೂ ಇರಲಿಲ್ಲ. ತಕರಾರಿದ್ದದ್ದು ಬೋರ್ಡಿನ ಬಗ್ಗೆ. ಅದರ ಮೇಲೆ ಹೀಗೆ ಬರೆದಿತ್ತು: 'ಒಡೆದ ಗ್ಲಾಸ್ ಮಾತ್ರ ಬದಲಿಸಿ, ಒರಿಜಿನಲ್ ಡಿಸ್‌ಪ್ಲೇ ಉಳಿಸಿಕೊಡಲಾಗುವುದು. ಒಂದೂ ಗುಳ್ಳೆ ಇಲ್ಲದಂತೆ.'

ಕೊನೆಯ ಸಾಲನ್ನು ಓದಿದ ದಿನ ಅವರು ರಾತ್ರಿ ಊಟಕ್ಕೆ ಎರಡನೇ ಸಲ ಅನ್ನ ಬಡಿಸಿಕೊಳ್ಳಲಿಲ್ಲ. "ಒಂದೂ ಇಲ್ಲದಂತೆ ಅಂತೆ!" ಎಂದರು. ಏನು ಇಲ್ಲದಂತೆ ಎಂದು ರಂಗನಾಯಕಿ ಕೇಳಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಯಾವುದನ್ನು ಕೇಳಬಾರದೆಂದು ಗೊತ್ತಿರುತ್ತದೆ.

ಹೀಗಿರುವಾಗ ಪಕ್ಕದ ಮನೆಯ ರುಕ್ಮಿಣಮ್ಮ ಟೀಚರ್ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಮಡಿಲಲ್ಲಿದ್ದ ಫೋನು ಜಾರಿ ರುಬ್ಬುಕಲ್ಲಿಗೆ ಬಡಿಯಿತು. ಮೇಲಿನ ಗಾಜು ಜೇಡರ ಬಲೆಯಾಯಿತು, ಒಳಗಿನ ಚಿತ್ರ ಮಾತ್ರ ಚೆನ್ನಾಗಿಯೇ ಇತ್ತು. ರುಕ್ಮಿಣಮ್ಮ ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತರಾದವರು. ಅರಸೀಕೆರೆಯಲ್ಲಿ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳದ ವ್ಯಾಪಾರಿಯಿಲ್ಲ, ಅಧಿಕಾರಿಯಿಲ್ಲ. 'ನನ್ನ ಮಕ್ಕಳು' ಎಂಬ ಹೆಸರಿನ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಹಳೆಯ ವಿದ್ಯಾರ್ಥಿಗಳು ಬೆಳಿಗ್ಗೆ ಎದ್ದು ಅವರಿಗೆ ನಮಸ್ಕಾರ ಹಾಕಿ ಆಮೇಲೆ ಹಲ್ಲುಜ್ಜುತ್ತಿದ್ದರು. ಅಂಥವರ ಫೋನು ಒಡೆದದ್ದು ಸಣ್ಣ ವಿಷಯವಲ್ಲ. ಮಂಡಿನೋವಿನಿಂದ ಅವರು ಬಸ್ ಸ್ಟ್ಯಾಂಡಿಗೆ ಹೋಗಲಾರರು. ಪಾರ್ಥಸಾರಥಿಯವರು ತಾವೇ ಕೊಟ್ಟು ಬರುವುದಾಗಿ ಒಪ್ಪಿಕೊಂಡರು. ಅವರಿಗೂ ಆ ಅಂಗಡಿಯ ಒಳಗೆ ಏನು ನಡೆಯುತ್ತದೆಂದು ಒಮ್ಮೆ ನೋಡಬೇಕಿತ್ತು.

ಚೇತನ್ ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟ. ಗಾಜನ್ನು ಬಿಸಿ ಮಾಡಿ ಬಿಡಿಸುವುದನ್ನು ತೋರಿಸಿದ, ಹಳೆಯ ಅಂಟು ಒರೆಸುವುದನ್ನು ತೋರಿಸಿದ. ಕೊನೆಗೆ ಮೂಲೆಯಲ್ಲಿದ್ದ ಗುಂಡನೆಯ ಉಕ್ಕಿನ ಡ್ರಮ್ಮನ್ನು ತೋರಿಸಿದ.

"ಎಷ್ಟೇ ಹುಷಾರಾಗಿ ಒತ್ತಿದ್ರೂ ಒಂದೆರಡು ಗುಳ್ಳೆ ಉಳಿದೇ ಉಳೀತವೆ ಸಾರ್. ಇದರೊಳಗೆ ಇಟ್ಟು, ಬಿಸಿ ಕೊಟ್ಟು ಗಾಳಿ ತುಂಬ್ತೀನಿ. ಆ ಒತ್ತಡಕ್ಕೆ ಕರಗಿ ಹೋಗ್ತವೆ."

"ಗಾಳಿ ತುಂಬಿದ್ರೆ ಗಾಳಿ ಹೋಗುತ್ತಾ?"

"ಹೂಂ ಸಾರ್."

"ನಮಗೆ ಇವೆಲ್ಲ ಬೇಕಾಗಿಲ್ಲಪ್ಪ. ಕೈ ನೆಟ್ಟಗಿರಬೇಕು, ಅಷ್ಟೇ."

"ನಿಮ್ ಕೈ ಗೊತ್ತಿಲ್ವಾ ಸಾರ್? ನನ್ ಎಸ್ಸೆಸ್ಸೆಲ್ಸಿ ಕಾರ್ಡು ನೀವೇ ಲ್ಯಾಮಿನೇಶನ್ ಮಾಡ್ಕೊಟ್ಟಿದ್ದು. ಇವತ್ತಿಗೂ ಹಂಗೇ ಐತೆ," ಎಂದ ಚೇತನ್. ಹುಡುಗ ಮನಸ್ಸಿನಿಂದಲೇ ಹೇಳಿದ. ಅದೇ ಪಾರ್ಥಸಾರಥಿಯವರಿಗೆ ಇನ್ನಷ್ಟು ಚುಚ್ಚಿತು, ಏಕೆಂದರೆ ಒಳ್ಳೆಯ ಹುಡುಗನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ಕಷ್ಟದ ಕೆಲಸ.

ಮಾರನೆಯ ದಿನ ಸಂಜೆ ಅವರು ಫೋನು ತರಲು ಹೋದರು. ಚೇತನ್ ಅದನ್ನು ಅವರ ಕೈಗೆ ಕೊಡುತ್ತ, "ಸಾರ್, ಇದರ ಮೇಲೆ ಒಂದು..." ಎಂದು ಶುರುಮಾಡಿದ.

"ಗೊತ್ತು ಕಣಯ್ಯ. ನೀರು ಸೋಕಿಸಬಾರದು, ಬಿಸಿಲಿಗೆ ಇಡಬಾರದು. ನನಗೇ ಹೇಳಿಕೊಡ್ತೀಯಾ?"

"ಅದಲ್ಲ ಸಾರ್..."

ಅಷ್ಟರಲ್ಲಿ ಅವರು ರಸ್ತೆಗೆ ಇಳಿದಾಗಿತ್ತು.

ಮನೆಗೆ ಬಂದು, ಟ್ಯೂಬ್‌ಲೈಟಿನ ಕೆಳಗೆ ನಿಂತು, ಫೋನನ್ನು ಓರೆ ಮಾಡಿ ನೋಡಿದರು. ಬಲಗಡೆಯ ಕೆಳಮೂಲೆಯಲ್ಲಿ ಎಳ್ಳಿನ ಗಾತ್ರದ ಒಂದು ಗುಳ್ಳೆ! ಪಾರ್ಥಸಾರಥಿಯವರ ಮುಖಕ್ಕೆ ಹಬ್ಬದ ಕಳೆ ಬಂತು. "ಸಿಕ್ಕಿಬಿದ್ದ!" ಎಂದರು. ಇಲ್ಲಿಗೆ ಸುಮ್ಮನಾಗಿ ಅದನ್ನು ಪಕ್ಕದ ಮನೆಗೆ ಕೊಟ್ಟುಬಂದಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ, ಅದರಿಂದ ಯಾರಿಗೂ ನಷ್ಟವೂ ಇರಲಿಲ್ಲ. ಆದರೆ ಕೆಟ್ಟಿರುವುದನ್ನು ತಾವು ಸರಿಪಡಿಸಿ, ನಾಳೆ ಆ ಅಂಗಡಿಗೆ ಹೋಗಿ, "ನೋಡಪ್ಪಾ, ನಿನ್ನ ಡ್ರಮ್ಮು ಬಿಟ್ಟದ್ದನ್ನು ನನ್ನ ಕೈ ತೆಗೆಯಿತು" ಎಂದು ಮೆತ್ತಗೆ ಹೇಳುವ ಆಸೆ ಅವರಿಗೆ ಹುಟ್ಟಿತು.

ಮೊದಲು ಹೆಬ್ಬೆರಳಿನಿಂದ ಒತ್ತಿದರು. ಗುಳ್ಳೆ ಜಗ್ಗಲಿಲ್ಲ. ಲಟ್ಟಣಿಗೆ ತಂದು ಚಪಾತಿ ಲಟ್ಟಿಸುವ ಹಾಗೆ ನಾಲ್ಕು ಸಲ ಉರುಳಿಸಿದರು. ಗುಳ್ಳೆ ಸ್ವಲ್ಪ ಪಕ್ಕಕ್ಕೆ ಸರಿದು ಅಲ್ಲೇ ಕೂತಿತು. ಆಗ ಅವರಿಗೆ ಹುಡುಗ ಹೇಳಿದ್ದು ನೆನಪಾಯಿತು: ಬಿಸಿ ಬೇಕು, ಒತ್ತಡ ಬೇಕು. ಫೋನಿನ ಮೇಲೆ ಟವೆಲ್ ಹಾಸಿ ಇಸ್ತ್ರಿಪೆಟ್ಟಿಗೆಯನ್ನು ಮೆಲ್ಲಗೆ ಇಟ್ಟು ಎಳೆದರು. ಟವೆಲ್ ತೆಗೆದು ನೋಡಿದರೆ ಒಂದಿದ್ದ ಗುಳ್ಳೆ ಏಳಾಗಿತ್ತು. ಇದು ಒತ್ತಡ ಸಾಲದೆ ಆದದ್ದು ಎಂದು ಅವರು ತೀರ್ಮಾನಿಸಿದರು. ಒತ್ತಡಕ್ಕೆ ಮನೆಯಲ್ಲಿರುವುದು ಒಂದೇ ಸಾಧನ.

ರಂಗನಾಯಕಿ ದೇವರಿಗೆ ದೀಪ ಹಚ್ಚಿ ಅಡುಗೆಮನೆಗೆ ಬಂದಾಗ ಒಲೆಯ ಮೇಲೆ ಕುಕ್ಕರ್ ಸದ್ದು ಮಾಡುತ್ತಿತ್ತು. ಗಂಡ ಅದರ ಮುಂದೆ ಕೈಕಟ್ಟಿ ನಿಂತಿದ್ದರು.

"ಬೇಳೆ ಇಟ್ರಾ? ಪುಣ್ಯ ಬಂತು ನಿಮಗೆ."

"ಬೇಳೆ ಅಲ್ಲ ಕಣೇ. ಟೀಚರ ಫೋನು."

"ಕುಕ್ಕರ್ ಒಳಗಾ?"

"ಸ್ಟೀಲ್ ಡಬ್ಬಿಯಲ್ಲಿಟ್ಟು ಬಿಗಿಯಾಗಿ ಮುಚ್ಚಿದೀನಿ. ಒಂದು ಸೀಟಿ ಬಂದ್ರೆ ಸಾಕು."

"ಟೀಚರು ಕೇಳಿದ್ರೆ ಏನು ಹೇಳಲಿ? ಇನ್ನೂ ಬೆಂದಿಲ್ಲ ಅನ್ನಲಾ?" ಎಂದು ರಂಗನಾಯಕಿ ಒಲೆ ಆರಿಸಿದರು. ಸೀಟಿ ಬರುವ ಮೊದಲೇ ಆರಿಸಿದ್ದರಿಂದ ಫೋನಿನ ಜೀವ ಉಳಿಯಿತು. ಮುಖ ಮಾತ್ರ ಹೋಗಿತ್ತು. ಗಾಜಿನ ತುಂಬ ಸಣ್ಣದು ದೊಡ್ಡದು ಸೇರಿ ಸಬ್ಬಕ್ಕಿ ಪಾಯಸದ ಬಟ್ಟಲಿನ ಹಾಗೆ ಗುಳ್ಳೆಗಳು.

ಆ ಹೊತ್ತಿಗೆ ಬಾಗಿಲಲ್ಲಿ ಕೋಲಿನ ಸದ್ದಾಯಿತು. "ಪಾರ್ಥಸಾರಥೀ, ನನ್ನ ಫೋನು ಬಂತೇನ್ರೀ?"

ರುಕ್ಮಿಣಮ್ಮ ಫೋನು ಕೈಗೆ ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡರು. ಒಮ್ಮೆ ನೋಡಿದರು, ಸೆರಗಿನಿಂದ ಒರೆಸಿ ಮತ್ತೊಮ್ಮೆ ನೋಡಿದರು. "ಅಯ್ಯೋ ರಾಮ! ಏನು ಗತಿ ಮಾಡಿಬಿಟ್ಟಿದಾನೆ ಆ ಹುಡುಗ!"

ಪಾರ್ಥಸಾರಥಿಯವರು ಆಗಲೇ ನಿಜ ಹೇಳಬೇಕಿತ್ತು. ಹೇಳಲು ಬಾಯನ್ನೂ ತೆರೆದರು. ಆದರೆ ತೆರೆದ ಬಾಯಿಂದ, "ಹೊಸಬ ಅಲ್ವೇ ಟೀಚರ್... ಇನ್ನೂ ಕೈ ಪಳಗಿಲ್ಲ, ಪಾಪ," ಎಂಬ ಮಾತು ಬಂತು. ಅದು ಎಲ್ಲಿಂದ ಬಂತೆಂದು ಅವರಿಗೇ ತಿಳಿಯಲಿಲ್ಲ. ರಂಗನಾಯಕಿ ಕುಕ್ಕರಿನ ಮುಚ್ಚಳ ಹಿಡಿದುಕೊಂಡು ಗಂಡನನ್ನೇ ನೋಡಿದರು. ಆ ನೋಟವನ್ನು ಅವರಿಗೆ ಬಹಳ ದಿನ ಮರೆಯಲಾಗಲಿಲ್ಲ.

ರುಕ್ಮಿಣಮ್ಮ ರಂಗನಾಯಕಿಯ ಫೋನಿನಿಂದಲೇ ಚಿತ್ರ ತೆಗೆಸಿ, 'ನನ್ನ ಮಕ್ಕಳೇ, ಎಚ್ಚರ' ಎಂದು ಬರೆಸಿ, ಅಂಗಡಿಯ ಗುರುತು ಹೇಳಿ ಗುಂಪಿಗೆ ಕಳಿಸಿದರು. ಮುನ್ನೂರು ಮಕ್ಕಳು ಟೀಚರ ಮಾತು ಮೀರುವವರಲ್ಲ. ಅವರವರ ಗುಂಪುಗಳಿಗೆ ಕಳಿಸಿದರು.

ಮರುದಿನ ಶಾಲೆಯಲ್ಲಿ ಅದೇ ಮಾತು. "ನಮ್ಮ ಪಾರ್ಥಸಾರಥಿ ಮಾಡಿದ್ರೆ ಹೀಗಾಗ್ತಿತ್ತೇ?" ಎಂದರು ಹೆಡ್ಮಾಸ್ಟರು. ಪಾರ್ಥಸಾರಥಿಯವರು ಕೆಮ್ಮಿದರು. ಡ್ರಿಲ್ ಮೇಷ್ಟ್ರು, ಆ ಗುಳ್ಳೆಯೊಳಗಿನ ಗಾಳಿ ಮೂಗಿಗೆ ಹೋದರೆ ಜ್ಞಾಪಕಶಕ್ತಿ ಕುಂದುತ್ತದಂತೆ ಎಂದರು. ಅದು ನಾವು ಉಸಿರಾಡುವ ಗಾಳಿಯೇ ಎಂದು ವಿಜ್ಞಾನದ ಮೇಡಂ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಗರಸಭೆಯ ಆರೋಗ್ಯ ನಿರೀಕ್ಷಕ ಮಹಾಂತೇಶ್ ಕೂಡ ಟೀಚರ ಮುನ್ನೂರು ಮಕ್ಕಳಲ್ಲೊಬ್ಬರು. ಏಳನೇ ತರಗತಿಯಲ್ಲಿ ಬೆಂಚಿನ ಮೇಲೆ ನಿಂತವರು. ಅವರು ಮಧ್ಯಾಹ್ನವೇ ಅಂಗಡಿಗೆ ಹೋಗಿ ಡ್ರಮ್ಮನ್ನು ಮೂರು ಸುತ್ತು ಸುತ್ತಿದರು.

"ಇದರೊಳಗೆ ಬಿಸಿ ಇರುತ್ತಾ?"

"ಹೂಂ ಸಾರ್."

"ಪ್ರೆಷರ್ ಇರುತ್ತಾ?"

"ಇರುತ್ತೆ ಸಾರ್."

"ಹಾಗಾದ್ರೆ ಬಾಯ್ಲರ್ ಆಯ್ತಲ್ಲಪ್ಪ. ಪೇಟೆ ನಡುವೆ ಬಾಯ್ಲರ್ ಇಟ್ಕೊಂಡಿದೀಯಾ? ಏಳು ದಿನದಲ್ಲಿ ಕಾಗದಪತ್ರ ಹಾಜರುಪಡಿಸು. ಅಲ್ಲೀತನಕ ಅದನ್ನ ಮುಟ್ಟಬೇಡ."

"ಯಾವ ಕಾಗದ ಸಾರ್?"

ಮಹಾಂತೇಶ್ ಸ್ವಲ್ಪ ಯೋಚಿಸಿದರು. "ಅದನ್ನ ನೀನೇ ಎಲ್ಲಾದ್ರೂ ವಿಚಾರಿಸಿ ತಿಳ್ಕೊಂಡು ಬಾ," ಎಂದು ಹೊರಟರು.

ಅಂದು ಗುರುವಾರ. ಸಂಜೆ ಚೇತನ್ ರುಕ್ಮಿಣಮ್ಮನವರ ಮನೆಗೆ ಹೋಗಿ, ಬೈಸಿಕೊಂಡು, ಫೋನು ಇಸಿದುಕೊಂಡು, ಪಾರ್ಥಸಾರಥಿಯವರ ಜಗಲಿಗೆ ಬಂದ. ಕೂರಲಿಲ್ಲ. ಗಾಜಿನ ಮೇಲೆ ಉಗುರಿನಿಂದ ಕೆರೆದ. ಅಲ್ಲಿ ಕರಗಿ ಅಂಟಿದ ಪೊರೆಯ ಮೇಲೆ ಚೌಕಳಿ ಚೌಕಳಿಯಾಗಿ ಗುರುತು ಮೂಡಿತ್ತು.

"ಇದು ಟವೆಲ್ ನೇಯ್ಗೆ ಅಲ್ವಾ ಸಾರ್?"

ಪಾರ್ಥಸಾರಥಿಯವರು ತಲೆ ತಗ್ಗಿಸಿದರು. "ಒಂದು ಗುಳ್ಳೆ ಇತ್ತು ಕಣಪ್ಪ. ಬಲಗಡೆ ಮೂಲೇಲಿ. ಅದನ್ನ ತೆಗೆಯೋಣ ಅಂತ..."

"ಅದು ಗ್ಲಾಸಲ್ಲಿ ಇರ್ಲಿಲ್ಲ ಸಾರ್. ದಾರೀಲಿ ಗೀರು ಬೀಳಬಾರದು ಅಂತ ಮೇಲೊಂದು ತೆಳು ಪ್ಲಾಸ್ಟಿಕ್ ಹಾಕಿದ್ದೆ. ಗುಳ್ಳೆ ಇದ್ದಿದ್ದು ಅದರಲ್ಲಿ. ಮನೆಗೆ ಹೋಗಿ ಕಿತ್ತು ಬಿಸಾಕಿ ಅಂತ ಹೇಳೋಕೆ ಬಂದೆ, ನೀವು ಹೊರಟೇಬಿಟ್ರಿ."

ಕಿತ್ತು ಬಿಸಾಡುವ ಕಾಗದದಂಥ ವಸ್ತುವಿನ ಗುಳ್ಳೆಗಾಗಿ ತಾವು ಲಟ್ಟಣಿಗೆ, ಇಸ್ತ್ರಿಪೆಟ್ಟಿಗೆ, ಕುಕ್ಕರ್ ಎಲ್ಲವನ್ನೂ ಬಳಸಿದ್ದೆಂದು ತಿಳಿದಾಗ ಪಾರ್ಥಸಾರಥಿಯವರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಚೇತನ್ ಕೂಗಾಡಲಿಲ್ಲ. "ನಂಗೇನೂ ಬೇಡ ಸಾರ್. ಟೀಚರಿಗೆ ನೀವು ಒಂದು ಮಾತು ಹೇಳಿ, ಸಾಕು. ಈಗ ಶುರುಮಾಡಿದೀನಿ. ಹೆಸರು ಹೋದ್ರೆ ಅಂಗಡಿ ನಿಲ್ಲಲ್ಲ," ಎಂದ.

"ನಾಳೆ ಹೇಳ್ತೀನಿ ಕಣಪ್ಪ. ಖಂಡಿತ."

ಅವರು ನಿಜವಾಗಿಯೂ ಹೇಳಬೇಕೆಂದೇ ಇದ್ದರು. ಆದರೆ ನಾಳೆ ಶುಕ್ರವಾರ. ಸಂಜೆ ಮುತ್ತೈದೆಯರು ಕುಂಕುಮಕ್ಕೆ ಬರುವ ಹೊತ್ತಿನಲ್ಲಿ ಹಿರಿಯರ ಮನೆಗೆ ಹೋಗಿ ಇಂಥ ಮಾತು ಎತ್ತುವುದು ಸರಿಯಲ್ಲ. ಶನಿವಾರ ಬೆಳಿಗ್ಗೆ ಹೊರಟರು, ಗೇಟಿನ ಹತ್ತಿರ ಹೋದಾಗ ರಾಹುಕಾಲ ಶುರುವಾಗಿತ್ತು. ಭಾನುವಾರ ಹಳೇಬೀಡಿನಲ್ಲಿ ನೆಂಟರ ಸೀಮಂತ. ಸೋಮವಾರ ಅಷ್ಟಮಿ, ಮಂಗಳವಾರ ನವಮಿ. ಗೃಹಪ್ರವೇಶಕ್ಕೆ, ಬಾವಿ ತೋಡುವುದಕ್ಕೆ, ಹೊಸ ಬಟ್ಟೆ ಉಡುವುದಕ್ಕೆಲ್ಲ ಮುಹೂರ್ತ ಬರೆದಿದ್ದ ಪಂಚಾಂಗದಲ್ಲಿ ತಪ್ಪೊಪ್ಪಿಕೊಳ್ಳುವುದಕ್ಕೆ ಒಂದು ಗಳಿಗೆಯನ್ನೂ ಕೊಟ್ಟಿರಲಿಲ್ಲ.

ಹಳೇಬೀಡಿನ ಛತ್ರದಲ್ಲಿ ರಂಗನಾಯಕಿಯ ತಮ್ಮ ಮಾಧವ ಸಿಕ್ಕಿದ. ಬೇಲೂರಿನಲ್ಲಿ ಬ್ಯಾಂಕ್ ನೌಕರಿ, ಬಾಯಿ ದೊಡ್ಡದು.

"ಭಾವ, ನಿಮ್ಮೂರಲ್ಲಿ ಮೊಬೈಲ್ ಕುದ್ದು ಉಕ್ಕಿತಂತೆ! ಟೀಚರಮ್ಮನ ಕೈ ಸುಟ್ಟು ಹೋಯ್ತಂತೆ?"

"ಹಾಗೇನಿಲ್ಲ ಮಾಧವ. ಒಂದು ಗುಳ್ಳೆ..."

"ಸುಮ್ನಿರಿ ಭಾವ, ನೀವು ಯಾರನ್ನೂ ಬಿಟ್ಟುಕೊಡಲ್ಲ. ಬಿಕ್ಕೋಡಿನ ಎಸ್ಟೇಟಿನವರು ಎಂಟು ಫೋನು ತಗೊಂಡು ಅರಸೀಕೆರೆಗೆ ಹೊರಟಿದ್ರು. ಹೋಗಬೇಡಿ, ಅಲ್ಲಿ ಹುಡುಗ ಬೇಯಿಸ್ತಾನೆ ಅಂತ ನಾನೇ ತಡೆದೆ."

ಊಟವಾದ ಮೇಲೆ ಮಾಧವ ಅವರನ್ನು ಚಾಪೆಯ ಮೇಲೆ ಕೂರಿಸಿ, "ಇವರೇ ನಮ್ಮ ಭಾವ, ಗುಳ್ಳೆಯಿಲ್ಲದ ಕೈ," ಎಂದು ಸಾರಿದ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನೆಂಟರೆಲ್ಲ ಫೋನು ಹಿಡಿದುಕೊಂಡು ಸಾಲಾಗಿ ನಿಂತರು. ಒಬ್ಬೊಬ್ಬರ ಫೋನನ್ನೂ ಬೆಳಕಿಗೆ ಹಿಡಿದು ನೋಡುವಾಗ ಅವರಿಗೆ ಆ ಎಂಟು ಫೋನುಗಳೇ ಕಣ್ಣಮುಂದೆ ಬರುತ್ತಿದ್ದವು.

ಬುಧವಾರ ಪಂಚಾಂಗವನ್ನು ಮುಚ್ಚಿಟ್ಟು ಅವರು ಪಕ್ಕದ ಮನೆಗೆ ಹೋದರು. ಅಷ್ಟರಲ್ಲಿ ಚೇತನ್ ಯಾರನ್ನೋ ಹಿಡಿದು ಹಾಸನದಲ್ಲಿ ಯಂತ್ರಕ್ಕೆ ಹಾಕಿಸಿ, ರುಕ್ಮಿಣಮ್ಮನವರ ಫೋನನ್ನು ಹೊಸದರಂತೆ ಮಾಡಿ ತಲುಪಿಸಿದ್ದ.

"ನೋಡಿದ್ರಾ?" ಎಂದರು ಟೀಚರು. "ಗದರಿಸಿದ್ದಕ್ಕೆ ಸರಿಯಾಯ್ತು. ಅವನದು ತಪ್ಪಿಲ್ಲದಿದ್ರೆ ಎರಡನೇ ಸಲ ಸುಮ್ಮನೆ ಮಾಡ್ಕೊಡ್ತಿದ್ನಾ?"

"ಟೀಚರ್, ಅವನದು ತಪ್ಪಿಲ್ಲ. ಕೆಡಿಸಿದ್ದು ನಾನು."

ರುಕ್ಮಿಣಮ್ಮ ನಕ್ಕರು. "ನಿಮ್ಮ ಕೈಯಲ್ಲಿ ಗುಳ್ಳೆಯೇ?"

"ನಿಜ ಟೀಚರ್. ಇಸ್ತ್ರಿ ಮಾಡಿದೆ. ಆಮೇಲೆ ಕುಕ್ಕರಿನಲ್ಲಿಟ್ಟೆ."

"ಕುಕ್ಕರಿನಲ್ಲಿ!" ಟೀಚರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಅವರ ಕಣ್ಣು ಒದ್ದೆಯಾಯಿತು. "ಆ ಹುಡುಗನ ಹೊಟ್ಟೆಪಾಡು ಹೋಗುತ್ತಲ್ಲ ಅಂತ ನಿಮಗೆ ಸಂಕಟ. ಸುಳ್ಳು ಹೇಳೋಕೆ ಬರಲ್ಲ, ಆದ್ರೂ ಹೇಳ್ತಿದೀರಿ. ಎಂಥ ದೊಡ್ಡ ಮನಸ್ಸು ಪಾರ್ಥಸಾರಥೀ ನಿಮ್ಮದು!"

ಪಾರ್ಥಸಾರಥಿಯವರು ಮನೆಗೆ ಓಡಿಹೋಗಿ ಸಾಕ್ಷಿಗೆ ರಂಗನಾಯಕಿಯನ್ನು ಕರೆತಂದರು. ರಂಗನಾಯಕಿ ಸೀಟಿ ಬರುವ ಮೊದಲು ಒಲೆ ಆರಿಸಿದ್ದರಿಂದ ಹಿಡಿದು ಎಲ್ಲವನ್ನೂ ಬಿಡದೆ ಹೇಳಿದರು. "ಗಂಡನಿಗೆ ತಕ್ಕ ಹೆಂಡ್ತಿ," ಎಂದು ಟೀಚರು ಆಕೆಗೆ ಅರಿಶಿನ ಕುಂಕುಮ ಕೊಟ್ಟು ಕಳಿಸಿದರು. ಆ ರಾತ್ರಿ 'ನನ್ನ ಮಕ್ಕಳು' ಗುಂಪಿನಲ್ಲಿ ಪಾರ್ಥಸಾರಥಿಯವರ ಔದಾರ್ಯದ ಬಗ್ಗೆ ಒಂದು ಪುಟ ಬಂತು.

ಗುರುವಾರ ಅವರು ನಗರಸಭೆಗೆ ಬರವಣಿಗೆಯಲ್ಲಿ ತಪ್ಪೊಪ್ಪಿಗೆ ಕೊಟ್ಟರು. ಮಹಾಂತೇಶ್ ಅದನ್ನು ಎರಡು ಸಲ ಓದಿದರು. "ಕುಕ್ಕರ್ ಅಂತ ಬರೆದಿದೀರಲ್ಲ ಸಾರ್. ಮನೆ ಕುಕ್ಕರ್ ನಮ್ಮ ವ್ಯಾಪ್ತಿಗೆ ಬರಲ್ಲ. ನೀವು ಇಷ್ಟು ಕಳಕಳಿ ತೋರಿಸಿದ್ದು ನೋಡಿ ನನಗೇ ಒಂಥರಾ ಆಯ್ತು. ಬನ್ನಿ, ನಿಮ್ಮ ಮುಖ ನೋಡಿ ಅವನಿಗೆ ಇನ್ನೊಂದು ವಾರ ಕೊಡ್ತೀನಿ."

ಇಬ್ಬರೂ ಅಂಗಡಿಗೆ ಹೋದರು. ಹಿಂದೆಯೇ ಸುದ್ದಿ ತಿಳಿದ ಹತ್ತು ಹನ್ನೆರಡು ಜನ. ಟೀಚರೂ ಆಟೋ ಮಾಡಿಕೊಂಡು ಬಂದಿಳಿದರು. ಚೇತನ್ ಖಾಲಿ ಅಂಗಡಿಯಲ್ಲಿ ಒಬ್ಬನೇ ಕೂತಿದ್ದವನು ಇಷ್ಟು ಮಂದಿಯನ್ನು ಕಂಡು ಗಾಬರಿಯಿಂದ ಎದ್ದ. ಪಾರ್ಥಸಾರಥಿಯವರಿಗೆ ಆ ಮುಖ ನೋಡಲಾಗಲಿಲ್ಲ. ಇವರಿಗೆ ಬಾಯಿಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ, ಕಣ್ಣಿಗೆ ತೋರಿಸಬೇಕು ಎಂದುಕೊಂಡರು. ತಮ್ಮ ಫೋನನ್ನು ಜೇಬಿನಿಂದ ತೆಗೆದು ಕೌಂಟರಿನ ಮೇಲಿಟ್ಟರು.

"ಎಲ್ರೂ ನೋಡಿ! ನನ್ನ ಕೈಯಲ್ಲೂ ಗುಳ್ಳೆ ಬರುತ್ತೆ. ಚೇತನ್, ಒಂದು ಗಾರ್ಡು ಕೊಡಪ್ಪ."

ಅವರು ಕೈ ತೊಳೆಯಲಿಲ್ಲ. ಫ್ಯಾನು ಜೋರಾಗಿ ತಿರುಗುತ್ತಿತ್ತು, ರಸ್ತೆಯ ಧೂಳು ಒಳಗೆ ಬರುತ್ತಿತ್ತು. ಫೋನನ್ನು ಒರೆಸಲೂ ಇಲ್ಲ. ಮುಖವನ್ನು ಆಚೆ ತಿರುಗಿಸಿಕೊಂಡು, ಎಡಗೈಯಲ್ಲಿ ಗಾರ್ಡು ಹಿಡಿದು, ಧೊಪ್ಪನೆ ಮೇಲೆ ಬಿಟ್ಟರು. ಬಿಟ್ಟು, "ಈಗ ನೋಡಿ!" ಎಂದರು.

ಗಾರ್ಡು ಒಂದು ಗಳಿಗೆ ತಡೆದು ನಿಂತಿತು. ಆಮೇಲೆ ನಡುವಿನಿಂದ ಹರಡಿಕೊಂಡು ನಾಲ್ಕು ಮೂಲೆಗೂ ಮೆಲ್ಲಗೆ ಕೂತುಕೊಂಡಿತು. ಮಹಾಂತೇಶ್ ಎತ್ತಿ ಬೆಳಕಿಗೆ ಹಿಡಿದರು. ಧೂಳಿಲ್ಲ, ಗೆರೆಯಿಲ್ಲ, ಗುಳ್ಳೆಯೂ ಇಲ್ಲ.

"ಕಣ್ಣು ಮುಚ್ಚಿಕೊಂಡು ಸಾರ್!" ಎಂದು ಯಾರೋ ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಪಾರ್ಥಸಾರಥಿಯವರು ಗಾರ್ಡಿನ ಅಂಚನ್ನು ಉಗುರಿನಿಂದ ಎಬ್ಬಿಸಲು ನೋಡಿದರು. ಅದೂ ಬರಲಿಲ್ಲ. ರುಕ್ಮಿಣಮ್ಮ ಚೇತನ್ ಕಡೆ ತಿರುಗಿ, "ಕೆಲಸ ಅಂದ್ರೆ ಇದು ಕಣೋ. ನೋಡಿ ಕಲಿ," ಎಂದರು. ಹುಡುಗ ಗಾರ್ಡಿನ ಹಿಂದಿನಿಂದ ಕಿತ್ತು ಬಿದ್ದಿದ್ದ ಹಾಳೆಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಿದ.

ಇನ್ನೊಂದು ವಾರ ಸಿಕ್ಕಿತು, ಯಾವ ಕಾಗದ ಬೇಕೆಂಬುದು ಸಿಗಲಿಲ್ಲ. ಯಂತ್ರ ಸುಮ್ಮನಿತ್ತು, ಯಂತ್ರವಿಲ್ಲದೆ ಮಾಡಿಸಿಕೊಳ್ಳುವವರೂ ಬರಲಿಲ್ಲ. ತಿಂಗಳು ತುಂಬುವ ಮೊದಲೇ ಆ ಜಾಗದಲ್ಲಿ ಬೇಕರಿಯೊಂದರ ಬೋರ್ಡು ಬಂತು. ಪಾರ್ಥಸಾರಥಿಯವರು ಶಾಲೆಗೆ ಹೋಗುವ ದಾರಿಯನ್ನು ಬದಲಿಸಿದರು. ಯಾರಾದರೂ ಫೋನು ಹಿಡಿದು ಬಂದರೆ ಕೈ ನೋವು ಎಂದು ಕಳಿಸುತ್ತಿದ್ದರು. ಊಟದ ಮುಂದೆ ಕೂತು ಸುಮ್ಮನೆ ಅನ್ನ ಕಲಸುತ್ತಿದ್ದರು. ಒಂದು ಭಾನುವಾರ ರಂಗನಾಯಕಿ, "ರೀ, ಊರಿಗೆಲ್ಲ ಹೇಳಿದ್ರಿ. ಆ ಹುಡುಗನ ಅಪ್ಪನಿಗೆ ಹೇಳಿದ್ರಾ?" ಎಂದರು. ಅವರು ತಟ್ಟೆಯ ಮುಂದಿನಿಂದ ಎದ್ದು ಕೈ ತೊಳೆದು ಹಾರನಹಳ್ಳಿಯ ಟೆಂಪೋ ಹತ್ತಿದರು.

ಕೃಷ್ಣಪ್ಪನ ಅಂಗಳದಲ್ಲಿ ಕೊಬ್ಬರಿ ಒಣಹಾಕಿತ್ತು. ಚೇತನ್ ಮೂಲೆಯಲ್ಲಿ ಕಾಯಿ ಸುಲಿಯುತ್ತಿದ್ದ. ಕೊಟ್ಟಿಗೆಯ ಪಕ್ಕ ಟಾರ್ಪಾಲಿನ ಕೆಳಗೆ ಡ್ರಮ್ಮಿತ್ತು, ಅದರ ಮೇಲೆ ಕೋಳಿಯೊಂದು ಕೂತಿತ್ತು.

"ಬನ್ನಿ ಸ್ವಾಮಿ, ಬನ್ನಿ! ನಮ್ಮನೆ ಬಾಗಲಿಗೆ ನೀವು ಬಂದ್ರಲ್ಲ!" ಕೃಷ್ಣಪ್ಪ ಹೆಗಲ ಮೇಲಿನ ಟವೆಲ್ ಹಾಸಿದ. "ಎಲ್ಲಾ ಕೇಳಿವ್ನಿ ಸ್ವಾಮಿ. ನನ್ ಮಗ ಮಾಡಿದ್ ತಪ್ಪನ್ನ ನಿಮ್ ತಲೆ ಮ್ಯಾಲೆ ಹೊತ್ಕೊಂಡ್ರಂತೆ. ಕಚೇರಿಗೆ ಕಾಗ್ದ ಬರ್ಕೊಟ್ರಂತೆ. ಯಾರ್ ಮಾಡ್ತಾರೆ ಈ ಕಾಲ್ದಲ್ಲಿ?"

"ಕೃಷ್ಣಪ್ಪ, ದಯವಿಟ್ಟು ಕೇಳು. ಹೊತ್ಕೊಂಡಿದ್ದಲ್ಲ. ತಪ್ಪು ನನ್ನದೇ. ನಿನ್ನ ಮಗನ ಕೆಲಸ ಚೊಕ್ಕವಾಗಿತ್ತು. ಕೆಡಿಸಿದವನು ನಾನು, ಅವತ್ತೇ ಹೇಳದೆ ಬಾಯಿ ಮುಚ್ಚಿಕೊಂಡವನೂ ನಾನು." ಇಷ್ಟು ಹೇಳುವಷ್ಟರಲ್ಲಿ ಪಾರ್ಥಸಾರಥಿಯವರ ಕಣ್ಣಲ್ಲಿ ನೀರು ಬಂತು.

ಆ ನೀರು ಕಂಡದ್ದೇ ಕೃಷ್ಣಪ್ಪ ಮಗನ ಕಡೆ ತಿರುಗಿದ. "ನೋಡ್ಲಾ! ನಿನ್ ಸಲುವಾಗಿ ಅಳ್ತಾವ್ರೆ ದೇವ್ರಂಥೋರು. ನೆಟ್ಟಗೆ ಒಂದು ಗಾಜು ಕೂರ್ಸಕ್ ಬರ್ದೆ ಊರ್ ತುಂಬಾ ನನ್ ಮಾನ ಕಳ್ದೆಯಲ್ಲೋ. ಎದ್ದು ಬಾ. ಹಿಡ್ಕೋ ಅವ್ರ ಕಾಲು."

"ಬೇಡ ಕೃಷ್ಣಪ್ಪ, ಬೇಡ! ಅವನದು ಏನೂ..."

"ಹಿಡ್ಕೋ ಅಂದ್ರೆ!"

ಚೇತನ್ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಬಂದ. ಬಗ್ಗಿ ಪಾರ್ಥಸಾರಥಿಯವರ ಎರಡು ಪಾದಗಳನ್ನೂ ಮುಟ್ಟಿದ. ಅವನನ್ನು ಎತ್ತಲೆಂದು ಬಗ್ಗಿದ ಅವರ ಕಿವಿಯ ಹತ್ತಿರ, ಅಪ್ಪನಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದ:

"ಇನ್ನು ಸಾಕು ಸಾರ್. ನೀವು ಹೇಳ್ದಾಗೆಲ್ಲ ನಂಗೇ ಬೈತಾರೆ."

ಪಾರ್ಥಸಾರಥಿಯವರು ಬಾಯಿ ಮುಚ್ಚಿದರು. ಕೃಷ್ಣಪ್ಪ ಕೊಟ್ಟ ಎಳನೀರು ಕುಡಿದರು, ಸಂಜೆಯ ಟೆಂಪೋಗೆ ಹೊರಟರು. ಆಮೇಲೆ ಅವರು ಆ ವಿಷಯವನ್ನು ಯಾರ ಮುಂದೆಯೂ ಎತ್ತಲಿಲ್ಲ. ಊರಿನವರು ಇದನ್ನು ಅವರ ವಿನಯವೆಂದು ತಿಳಿದರು. ಆ ಹುಡುಗನಿಗಾಗಿ ಅವರು ಮಾಡಬಹುದಾದದ್ದು ಅದೊಂದೇ ಉಳಿದಿತ್ತು.